ವರ್ಷಕ್ಕೆ 24 ಪುಸ್ತಕ: ಓದಿದ ಮೇಲೆ ಅನಿಸಿದ್ದನ್ನು ಬರೆದಿಡುವುದು ಹೇಗೆ?

200 ಪುಟದ ಒಂದು ನೋಟ್‌ಬುಕ್ ಸಾಕು. ಮೊದಲ ನಾಲ್ಕು ಪುಟ ಪಟ್ಟಿಗೆ ಬಿಡಿ, ಆಮೇಲೆ ಪುಸ್ತಕಕ್ಕೆ ಎರಡೆರಡು ಪುಟ.

ತಿಂಗಳಿಗೆ ಎರಡು ಅಂತ ಲೆಕ್ಕ ಹಾಕುವಾಗ ಗಾತ್ರವನ್ನೂ ನೋಡಿ. ತೇಜಸ್ವಿಯವರ ‘ಕರ್ವಾಲೊ’ ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಾಗಲ್ಲ. ದಿನಕ್ಕೆ 25 ಪುಟ ಓದಿದರೂ ಹೆಚ್ಚುಕಡಿಮೆ ತಿಂಗಳು ಹಿಡಿಯುತ್ತದೆ, ಪಾತ್ರಗಳ ಹೆಸರಿಗೇ ಬೇರೆ ಪುಟ ಬೇಕು. ಇಂಥದ್ದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಸಂಖ್ಯೆ ತುಂಬಿಸಲು ತೆಳ್ಳನೆಯ ಪುಸ್ತಕ ಹುಡುಕುತ್ತಾ ಕೂರಬೇಕಾಗುತ್ತದೆ.

ಗ್ರಂಥಾಲಯದ ಪುಸ್ತಕಕ್ಕೆ ಗೆರೆ ಎಳೆಯಬೇಡಿ. ಅಂಗೈಯಗಲದ ಚೀಟಿಯನ್ನೇ ಪುಟಗುರುತಾಗಿಸಿ, ‘ಪು. 48, ಬಾವಿಕಟ್ಟೆ ಮಾತು’ ಎಂಬಷ್ಟು ಬರೆದರೆ ಸಾಕು. ಪುಟಸಂಖ್ಯೆ ಬಿಟ್ಟರೆ ಆ ಸಾಲು ಮತ್ತೆ ಸಿಗುವುದಿಲ್ಲ.

ಮುಗಿಸಿದ ಎರಡು ದಿನದೊಳಗೆ ಬರೆಯಿರಿ. ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿಯೇ ಇರಲಿ. ನೆನಪಲ್ಲಿ ಉಳಿದದ್ದೇನು ಅಂತ ಗೊತ್ತಾಗುವುದು ಆಗಲೇ. ನಂತರ ಚೀಟಿ ನೋಡಿ ತಿದ್ದಿ. ಎಲ್ಲರೂ ಎಡವುವುದು ಕಥೆ ಹೇಳುವುದರಲ್ಲಿ. ಅದಕ್ಕೆ ಮೂರು ಸಾಲು ಮೀರಬೇಡಿ, ಕಥೆ ಬೆನ್ನುಡಿಯಲ್ಲೂ ಇರುತ್ತದೆ. ‘ಚೆನ್ನಾಗಿದೆ, ಮನ ಮುಟ್ಟಿತು’ ಎಂದು ಬರೆದರೆ ಮಾರ್ಚ್ ಹೊತ್ತಿಗೆ ನಿಮಗೇ ಏನೂ ಹೊಳೆಯದು. ‘ಸೊಸೆ ಮನೆ ಬಿಟ್ಟಾಗ ಅತ್ತೆಯ ಮೇಲೆ ಕನಿಕರ ಬಂತು, ಯಾಕೆ?’ ಎಂದು ಬರೆಯಿರಿ.

ನಕ್ಷತ್ರ ಕೊಡುವ ಆಸೆಯಿದ್ದರೆ ಒಂದು ವಾರ ತಡೆಯಿರಿ.

ಅರ್ಧಕ್ಕೆ ಬಿಟ್ಟ ಪುಸ್ತಕವನ್ನು 24ರಲ್ಲಿ ಸೇರಿಸಬೇಡಿ. ಆದರೆ ಯಾವ ಪುಟದಲ್ಲಿ, ಯಾಕೆ ಬಿಟ್ಟಿರಿ ಎಂಬುದು ಕೊನೆಯ ಹಾಳೆಯಲ್ಲಿರಲಿ.