ಹೈ-ಎಂಡ್ ಆಂಪಲ್ಲಿ ಬಾಸ್-ಟ್ರೆಬಲ್ ನಾಬ್ ಬೇಕಾ? ಬೇಕು, ಆದ್ರೆ ಕೊನೇಲಿ ಮುಟ್ಟಿ

ಲಕ್ಷಗಟ್ಲೆ ಬೆಲೆಯ ಆಂಪ್ (ಆಂಪ್ಲಿಫೈಯರ್) ನೋಡೋಕೆ ಹೋದ್ರೆ ಶೋರೂಮಲ್ಲಿ ಮೊದ್ಲು ಕೇಳ್ಸೋ ಮಾತೇ "ಇದ್ರಲ್ಲಿ ಟೋನ್ ಕಂಟ್ರೋಲ್ ಇಲ್ಲ ಸರ್, ಪ್ಯೂರ್ ಸಿಗ್ನಲ್". ಟೋನ್ ಕಂಟ್ರೋಲ್ ಅಂದ್ರೆ ಬಾಸ್ (ದಪ್ಪ ಸದ್ದು), ಟ್ರೆಬಲ್ (ಚೂಪು ಸದ್ದು) ಏರಿಸಿ ಇಳಿಸೋ ನಾಬ್, ಅದಿದ್ರೆ ಸಿಗ್ನಲ್ ಕೆಡುತ್ತೆ ಅಂತ ಅವರ ವಾದ. ಹಾಗಾದ್ರೆ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕಟ್ ಮಾಡುವಾಗ್ಲೇ ಬಾಸ್ ಇಳಿಸಿ ಟ್ರೆಬಲ್ ಏರಿಸಿರ್ತಾರಲ್ಲ, ತಟ್ಟೆಯ ಸಿಗ್ನಲ್ ಹಿಗ್ಗಿಸೋ ಫೋನೋ ಸ್ಟೇಜ್ ಅದನ್ನ ಉಲ್ಟಾ ಮಾಡುತ್ತಲ್ಲ, ಅದೇನು ಮಾರಾಯ್ರೇ? ಅಕ್ಯುಫೇಸ್, ಲಕ್ಸ್‌ಮನ್, ಮ್ಯಾಕಿಂಟಾಷ್ ಅನ್ನೋ ಆಡಿಯೋ ಕಂಪನಿಗಳ ದುಬಾರಿ ಇಂಟಿಗ್ರೇಟೆಡ್ ಆಂಪ್‌ಗಳಲ್ಲೂ ಈ ನಾಬ್ ಇದೆ.

ಮೊದ್ಲು ನಾಬ್ ಎಲ್ಲಾ ನಡುವಿಗೆ ಇಟ್ಟು, ಚೆನ್ನಾಗಿ ಪರಿಚಯ ಇರೋ ಒಂದು ದನಿ ಹಾಕಿ ಕೇಳಿ. ಮುಂಬೈ ಭಾಗದ ಡೊಂಬಿವಲಿ, ಮುಲುಂಡ್ ಕಡೆ ನಮ್ಮೋರ ಫ್ಲ್ಯಾಟ್‌ಗಳಲ್ಲಿ ಹಾಲ್ ಅಂದ್ರೆ ಹತ್ತಡಿ ಅಗಲ, ಕೆಳಗೆ ಟೈಲ್ಸು, ಒಂದು ಕಡೆ ಪೂರ್ತಿ ಗಾಜಿನ ಸ್ಲೈಡಿಂಗ್ ಕಿಟಕಿ. 3 ಮೀಟರ್ ಅಗಲಕ್ಕೆ ಸುಮಾರು 57 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 57 ಕಂಪನದ ತಗ್ಗು ಸ್ವರ) ರೂಮೇ ಗುಂಯ್ ಅನ್ನುತ್ತೆ. ಇದಕ್ಕೆ ಬಾಸ್ ನಾಬ್ ಇಳಿಸಿದ್ರೆ ಗುಂಯ್ ಪೂರ್ತಿ ಹೋಗಲ್ಲ, ಮೃದಂಗದ ತೊಪ್ಪಿ (ದಪ್ಪ ಸದ್ದಿನ ಎಡಗಡೆ) ಮಾತ್ರ ಸಪ್ಪೆ ಆಗುತ್ತೆ, ಯಾಕಂದ್ರೆ ನಾಬ್ ಕೆಳಗಿನ ಸ್ವರ ಎಲ್ಲಾನೂ ಒಟ್ಟಿಗೆ ಇಳ್ಸುತ್ತೆ. ಹಾಗಾಗಿ ಸ್ಪೀಕರ್‌ನ ಗೋಡೆಯಿಂದ ಅರ್ಧ-ಒಂದಡಿ ಮುಂದೆ ಎಳೀರಿ, ಸೋಫಾನೂ ಹಿಂದಿನ ಗೋಡೆಗೆ ಅಂಟಿಸ್ಬೇಡಿ, ಟೈಲ್ಸು-ಗಾಜಿಂದ ಬರೋ ಚೂಪು ಸದ್ದಿಗೆ ಜಮಖಾನ ಹಾಸಿ, ದಪ್ಪ ಪರದೆ ಹಾಕಿ. ಮನೆಯೋರು ಬೈತಾರೆ, ಬೈಲಿ.

ಇಷ್ಟಾದ್ಮೇಲೂ ಹಳೇ ಮೋನೋ ರೆಕಾರ್ಡಿಂಗಲ್ಲಿ ಪಿಟೀಲು ಕಿವಿಗೆ ಚುಚ್ಚಿದ್ರೆ ಟ್ರೆಬಲ್ ಒಂದೆರಡು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಸಿ, ಸಾಕು. ಜಾಸ್ತಿ ಇಳಿಸಿದ್ರೆ ಕಂಬಳಿ ಹೊದ್ದು ಹಾಡ್ದಂಗೆ ಕೇಳುತ್ತೆ.

ರಾತ್ರಿ ವಿಷ್ಯ ಬೇರೆ. ಕೆಳಗಿನ ಮನೆ ಕಾಕಾ ಬಾಗಿಲು ತಟ್ಟೋಕೆ ಮುಂಚೆ ವಾಲ್ಯೂಮ್ ಇಳಿಸ್ತೀವಿ, ಆಗ ಬಾಸೇ ಮಾಯ. ಆಂಪ್ ತಪ್ಪಲ್ಲ ಅದು, ಸಣ್ಣ ಸದ್ದಲ್ಲಿ ನಮ್ಮ ಕಿವಿಗೇ ಬಾಸ್ ಕಮ್ಮಿ ಕೇಳೋದು, ಫ್ಲೆಚರ್-ಮನ್ಸನ್ ಅನ್ನೋ ಇಬ್ರು ಸಂಶೋಧಕರು 1933ರಲ್ಲೇ ಅಳೆದು ತೋರ್ಸಿದ್ದಾರೆ. ಬಾಸ್ ಸ್ವಲ್ಪ ಏರಿಸ್ಕೊಳ್ಳಿ, ಬೆಳಗ್ಗೆ ವಾಲ್ಯೂಮ್ ಏರಿಸೋ ಮುಂಚೆ ಮರೀದೆ ವಾಪಸ್ ತನ್ನಿ. ಜೋರಾಗಿ ಹಾಕ್ದಾಗ 10 ಡಿಬಿ ಬಾಸ್ ಏರಿಸಿದ್ರೆ ಆ ಸ್ವರಗಳಿಗೆ ಆಂಪ್ ಹತ್ತು ಪಟ್ಟು ಪವರ್ ಕೊಡ್ಬೇಕು, ಚಿಕ್ಕ ವೂಫರ್ (ಬಾಸ್ ಸ್ಪೀಕರ್) ಬಡ್ಕೊಳ್ಳುತ್ತೆ.

ತಗೊಳ್ಳುವಾಗ ಡೈರೆಕ್ಟ್ ಅಥ್ವಾ ಟೋನ್ ಡಿಫೀಟ್ ಬಟನ್ (ನಾಬ್ ದಾಟಿಸಿ ಸಿಗ್ನಲ್ ನೇರ ಕಳ್ಸೋದು) ಇದ್ಯಾ ನೋಡಿ. ನಾಬ್ ನಡುವಲ್ಲಿಟ್ಟು ಬಟನ್ ಒತ್ತಿ-ಬಿಟ್ಟು ಕೇಳಿ, ವ್ಯತ್ಯಾಸ ಗೊತ್ತಾಗ್ದಿದ್ರೆ "ಪ್ಯೂರ್" ಅನ್ನೋ ಚಿಂತೆ ಬಿಡಿ. ನಾಬೇ ಇಲ್ಲದ ಆಂಪ್ ಆಗ್ಲೇ ಮನೇಲಿದ್ರೆ ಪ್ಯಾರಾಮೆಟ್ರಿಕ್ ಇಕ್ಯೂ (ಬೇಕಾದ ಸ್ವರ ಮಾತ್ರ ಏರಿಸಿ ಇಳಿಸೋ ವ್ಯವಸ್ಥೆ) ಇರೋ ಸ್ಟ್ರೀಮರ್ (ನೆಟ್‌ನಿಂದ ಹಾಡು ಹಾಕೋ ಡಬ್ಬ) ಸಾಕು, ಆ 57 ಹರ್ಟ್ಜ್ ಗುಂಯ್‌ಗಂತೂ ನಾಬ್‌ಗಿಂತ ಅದೇ ವಾಸಿ, ಅಷ್ಟೇ ಜಾಗ ನೋಡ್ಕೊಂಡು ಇಳ್ಸುತ್ತೆ.