ಗೇಟಿಗೆ ಅಡ್ಡ ಕಾರು ನಿಲ್ಲಿಸಿದ್ದಾರಾ? ಜಗಳವಿಲ್ಲದೆ ತೆಗೆಸುವುದು ಹೀಗೆ

ಬೆಂಗಳೂರಿನ ಜಯನಗರವಾಗಲಿ, ಮೈಸೂರಿನ ಕುವೆಂಪುನಗರವಾಗಲಿ, ಹುಬ್ಬಳ್ಳಿಯ ವಿದ್ಯಾನಗರವಾಗಲಿ, ಈ ಸಂಕಟ ಎಲ್ಲ ಕಡೆ ಒಂದೇ. ಗೇಟು ತೆಗೆದರೆ ಎದುರಿಗೆ ಯಾರದೋ ಕಾರು. ಗಾಜು ಏರಿಸಿದೆ, ಹ್ಯಾಂಡ್‌ಬ್ರೇಕ್ ಹಾಕಿದೆ, ಒಳಗೆ ಯಾರೂ ಇಲ್ಲ. ನಮ್ಮ ಗಾಡಿ ಒಳಗೇ ಬಾಕಿ. ಆಫೀಸಿಗೆ ಹೊರಟವರಿಗೆ, ಮಕ್ಕಳನ್ನು ಶಾಲೆಗೆ ಬಿಡಬೇಕಾದವರಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಆದರೆ ಸಿಟ್ಟಿನಲ್ಲಿ ಟೈರಿನ ಗಾಳಿ ಬಿಟ್ಟರೆ ಕಾರು ಇನ್ನೂ ಎರಡು ಗಂಟೆ ಅಲ್ಲೇ ನಿಲ್ಲುತ್ತದೆ. ತಪ್ಪು ಅವರದ್ದಾದರೂ ಕೇಸು ನಮ್ಮ ಮೇಲೆ ಬೀಳಬಹುದು. ಕಾರು ಬೇಗ ಕದಲಬೇಕು, ಮತ್ತೆ ಅಲ್ಲಿಗೆ ಬರಬಾರದು. ನಮಗೆ ಬೇಕಿರುವುದು ಇವೆರಡೇ. ಅದಕ್ಕೆ ಒಂದು ಕ್ರಮವಿದೆ.

ಮೊದಲು: ಯಾವುದು ನಮ್ಮ ಹಕ್ಕು, ಯಾವುದು ಅಲ್ಲ

ದೂರು ಕೊಡುವ ಮೊದಲು ಇದು ಸ್ಪಷ್ಟವಾಗಿರಬೇಕು. ಮನೆ ಮುಂದಿನ ರಸ್ತೆ ನಮ್ಮದಲ್ಲ, ಅದು ಸಾರ್ವಜನಿಕರದ್ದು. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಗೇಟಿಗೆ ಅಡ್ಡವಾಗದಂತೆ ಯಾರಾದರೂ ಕಾರು ನಿಲ್ಲಿಸಿದರೆ, ಅಲ್ಲಿ ನೋ ಪಾರ್ಕಿಂಗ್ ಇಲ್ಲದಿದ್ದರೆ, ನಾವು ಕೇಳುವಂತಿಲ್ಲ. ‘ಇದು ನಮ್ಮ ಮನೆ ಮುಂದಿನ ಜಾಗ, ದಿನಾ ನಾವೇ ನಿಲ್ಲಿಸೋದು’ ಅನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಗೇಟಿನ ಮಾತು ಬೇರೆ. ಮೋಟಾರು ವಾಹನಗಳ ಕಾಯ್ದೆ 1988ರ ಸೆಕ್ಷನ್ 122ರ ಪ್ರಕಾರ, ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ಅತಿಯಾದ ತೊಂದರೆ ಆಗುವಂತೆ ಸಾರ್ವಜನಿಕ ಜಾಗದಲ್ಲಿ ವಾಹನ ನಿಲ್ಲಿಸಿ ಹೋಗುವ ಹಾಗಿಲ್ಲ. 2017ರಲ್ಲಿ ಬಂದ ಚಾಲನಾ ನಿಯಮಗಳೂ ಫುಟ್‌ಪಾತ್ ಮೇಲೆ, ಜೀಬ್ರಾ ಕ್ರಾಸಿಂಗ್ ಮೇಲೆ, ಬಸ್ ನಿಲ್ದಾಣದ ಹತ್ತಿರ, ಒಂದು ಜಾಗದ ಒಳಹೋಗುವ ದಾರಿಗೆ ಅಡ್ಡವಾಗಿ ನಿಲ್ಲಿಸುವುದನ್ನು ತಡೆಯುತ್ತವೆ. ಅಂದರೆ ಗೇಟಿನ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬೇಡಿ’ ಎಂಬ ಬೋರ್ಡು ಇರಲಿ, ಬಿಡಲಿ, ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪೇ. ಬೋರ್ಡು ಬರೀ ನೆನಪಿಸಲಿಕ್ಕೆ. ಹಾಕಿಕೊಂಡರೆ ಒಳ್ಳೆಯದು.

ಹಾಗೆಯೇ ಸಿಮೆಂಟ್ ತುಂಬಿದ ಡಬ್ಬ, ದಪ್ಪ ಕಲ್ಲು, ಹೂವಿನ ಕುಂಡ ತಂದು ರಸ್ತೆಯಲ್ಲಿ ಇಟ್ಟು ಜಾಗ ಹಿಡಿಯುವುದೂ ತಪ್ಪು. ಗೇಟಿನ ರಾಂಪನ್ನು ಫುಟ್‌ಪಾತ್ ದಾಟಿಸಿ ರಸ್ತೆಗೆ ಇಳಿಸಿದ್ದರೆ ಅದೂ ಅಷ್ಟೇ. ನಾಳೆ ಪೊಲೀಸರು ಬಂದಾಗ ಮೊದಲು ಕಣ್ಣಿಗೆ ಬೀಳುವುದು ಆ ಕಲ್ಲೇ. ದೂರು ಕೊಡುವವರ ಕೈ ಚೊಕ್ಕಟವಾಗಿರಬೇಕು.

ತುರ್ತಾ? ಹಾಗಿದ್ದರೆ ಕಾರಿನ ಚಿಂತೆ ಬಿಡಿ

ಮನೆಯಲ್ಲಿ ಯಾರಿಗೋ ಎದೆನೋವು, ಹೆರಿಗೆ ನೋವು, ಬಿದ್ದು ಪೆಟ್ಟು ಅಂತಿದ್ದರೆ ಆ ಕಾರಿನ ಮಾಲೀಕರನ್ನು ಹುಡುಕುತ್ತಾ ಒಂದು ನಿಮಿಷವನ್ನೂ ಕಳೆಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಅಥವಾ ಒಬ್ಬರು ರಸ್ತೆಗೆ ಓಡಿ ಸಿಕ್ಕ ಆಟೊ ನಿಲ್ಲಿಸಿ. ರೋಗಿಯನ್ನು ಚಿಕ್ಕ ಗೇಟಿನಿಂದ ಹೊರಗೆ ತನ್ನಿ. ಉಳಿದದ್ದೆಲ್ಲ ಆಮೇಲೆ.

ಫೋಟೊ: ನಂಬರ್ ಪ್ಲೇಟ್ ಒಂದೇ ಸಾಲದು

ತುರ್ತು ಇಲ್ಲದಿದ್ದರೆ ಮೊದಲ ಕೆಲಸ ಫೋಟೊ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಹತ್ತಿರ ಹೋಗಿ ನಂಬರ್ ಪ್ಲೇಟನ್ನು ದೊಡ್ಡದಾಗಿ ತೆಗೆದು ಕಳಿಸುತ್ತಾರೆ. ಅದನ್ನು ನೋಡುವ ಪೊಲೀಸರಿಗೆ ಒಂದು ಕಾರಿದೆ ಅನ್ನುವುದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಕಾರು ಎಲ್ಲಿ ನಿಂತಿದೆ, ಯಾವುದಕ್ಕೆ ಅಡ್ಡವಾಗಿದೆ?

ಮೂರು ಫೋಟೊ ತೆಗೆಯಿರಿ. ಒಂದರಲ್ಲಿ ನಂಬರ್ ಪ್ಲೇಟ್ ಸ್ಪಷ್ಟವಾಗಿ ಓದುವಂತಿರಲಿ. ಇನ್ನೊಂದನ್ನು ರಸ್ತೆಯ ಆಚೆ ಬದಿಗೆ ಹೋಗಿ ತೆಗೆಯಿರಿ. ಅದರಲ್ಲಿ ಕಾರು, ಗೇಟಿನ ಎರಡೂ ಕಂಬ, ಮನೆ ನಂಬರಿನ ಫಲಕ ಒಟ್ಟಿಗೆ ಕಾಣಬೇಕು. ಕಾರಿನ ಬಂಪರ್ ಗೇಟಿನ ಕಂಬವನ್ನು ಎಷ್ಟು ದಾಟಿದೆ ಎಂದು ತೋರಿಸುವ ಫೋಟೊ ಇದೇ. ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಮೂರನೆಯದು ಬೀದಿಯ ಉದ್ದಕ್ಕೂ ಕಾಣುವಂಥದ್ದು. ಹತ್ತಿರದಲ್ಲಿ ನೋ ಪಾರ್ಕಿಂಗ್ ಫಲಕ ಇದ್ದರೆ, ಅಂದರೆ ಕೆಂಪು ಅಂಚಿನ ನೀಲಿ ವೃತ್ತಕ್ಕೆ ಒಂದು ಕೆಂಪು ಅಡ್ಡಗೆರೆ ಇರುವುದು, ಅದನ್ನೂ ಕಾರನ್ನೂ ಒಂದೇ ಫ್ರೇಮಿನಲ್ಲಿ ತನ್ನಿ. ಎರಡು ಗೆರೆ ಕತ್ತರಿಯಂತೆ ದಾಟಿದ್ದರೆ ಅಲ್ಲಿ ಗಾಡಿ ನಿಲ್ಲಿಸಲೇಬಾರದು ಅಂತ ಅರ್ಥ.

ಕಾಲು ಗಂಟೆ ಬಿಟ್ಟು ಅದೇ ಜಾಗದಿಂದ ಮತ್ತೊಂದು ತೆಗೆಯಿರಿ. ‘ಈಗ ತಾನೇ ಇಳಿದೆ, ಒಂದ್ ನಿಮಿಷ’ ಎಂಬ ಉತ್ತರಕ್ಕೆ ಅದೇ ಸಾಕು. ಫೋನಿನ ಲೊಕೇಶನ್ ಆನ್ ಇರಲಿ. ಫೋಟೊ ಕತ್ತರಿಸಬೇಡಿ, ಅದರ ಮೇಲೆ ಏನೂ ಬರೆಯಬೇಡಿ.

ಮಾಲೀಕರನ್ನು ಹುಡುಕುವುದು

ಕಾರಿನ ಮುಂದಿನ ಗಾಜಿನ ಒಳಗೆ ಇಣುಕಿ ನೋಡಿ. ಈಗ ಎಷ್ಟೋ ಜನ ಫೋನ್ ನಂಬರ್ ಬರೆದ ಚೀಟಿ ಇಟ್ಟಿರುತ್ತಾರೆ. ಕ್ಲಿನಿಕ್, ಜಿಮ್, ಅಪಾರ್ಟ್‌ಮೆಂಟಿನ ಸ್ಟಿಕರ್ ಇದ್ದರೆ ಅದೂ ಸುಳಿವು. ಬೀದಿ ಕೊನೆಯಲ್ಲಿ ಕಲ್ಯಾಣ ಮಂಟಪ ಇದ್ದು ಅಂದು ಮದುವೆ ಇದ್ದರೆ ನೇರ ಅಲ್ಲಿನ ಮ್ಯಾನೇಜರ್ ಹತ್ತಿರ ಹೋಗಿ, ನಂಬರ್ ಹೇಳಿ ಮೈಕಿನಲ್ಲಿ ಕರೆಸಿ. ಹತ್ತು ನಿಮಿಷದಲ್ಲಿ ಯಾರಾದರೂ ಬಂದೇ ಬರುತ್ತಾರೆ. ಮೆಡಿಕಲ್ ಶಾಪ್, ದರ್ಶಿನಿ, ಪಿಜಿಯ ಸೆಕ್ಯುರಿಟಿ ಇವರನ್ನೂ ಕೇಳಿ. ಯಾವ ಗಾಡಿ ಯಾರದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಕಾರಿನ ಮಾದರಿ, ನೋಂದಣಿಯಾದ ಆರ್‌ಟಿಒ, ವಿಮೆ ಇದೆಯೋ ಇಲ್ಲವೋ ಅನ್ನುವುದು ಸಿಗುತ್ತದೆ. ಮಾಲೀಕರ ಹೆಸರಿನ ಹೆಚ್ಚಿನ ಅಕ್ಷರ ಮುಚ್ಚಿರುತ್ತದೆ, ಫೋನ್ ನಂಬರ್ ಬರುವುದಿಲ್ಲ. ಹಾಗಿರುವುದೇ ಸರಿ. ನಂಬರ್ ನೋಡಿದವರೆಲ್ಲ ಮಾಲೀಕರ ಮನೆ ಬಾಗಿಲಿಗೆ ಹೋಗುವಂತಾದರೆ ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳ ಗತಿ ಏನು? ಅದಕ್ಕೇ ನಂಬರ್ ಪ್ಲೇಟಿನ ಫೋಟೊವನ್ನು ಬೈಗುಳದ ಜೊತೆ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ‘ಈ ಕಾರು ಯಾರದ್ದು, ಗೇಟಿಗೆ ಅಡ್ಡ ಇದೆ’ ಅಂತ ಕೇಳಿದರೆ ಸಾಕು.

ಸಿಕ್ಕಾಗ ಏನು ಹೇಳಬೇಕು

‘ಏನ್ರೀ, ಕಣ್ ಕಾಣಲ್ವಾ?’ ಅಂತ ಶುರು ಮಾಡಿದರೆ ಮುಗಿಯಿತು. ಆಮೇಲೆ ಕಾರಿನ ಮಾತು ಹಿಂದೆ ಬಿದ್ದು ಮರ್ಯಾದೆಯ ಮಾತು ಮುಂದೆ ಬರುತ್ತದೆ. ‘ಸರ್, ನಮ್ಮ ಗೇಟಿನ ಮುಂದೆ ನಿಮ್ಮ ಗಾಡಿ ಇದೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಸ್ವಲ್ಪ ತೆಗೀತೀರಾ?’ ಅಂತ ಕೇಳಿ. ಕಾರಣ ಹೇಳಿದರೆ ಹೆಚ್ಚಿನವರು ಕೂಡಲೇ ತೆಗೆಯುತ್ತಾರೆ. ತೆಗೆದ ಮೇಲೆ ಒಂದು ಮಾತು ಸೇರಿಸಿ: ‘ಇನ್ಮೇಲೆ ಇಲ್ಲಿ ಬಿಡಬೇಡಿ ಸರ್, ದಿನಾ ಗಾಡಿ ತೆಗೀಬೇಕಾಗುತ್ತೆ.’ ಇದನ್ನು ಹೇಳದೆ ಬಿಟ್ಟರೆ ಮರುದಿನ ಮತ್ತೆ ಅದೇ ಕಾರು.

ಯಾರೂ ಸಿಗದಿದ್ದರೆ ಒಂದು ಚೀಟಿ ಬರೆದು ವೈಪರ್ ಕೆಳಗೆ ಸಿಕ್ಕಿಸಿ. ‘ನಮಸ್ಕಾರ. ಇದು ದಿನವೂ ಬಳಸುವ ಗೇಟು. ನಿಮ್ಮ ಕಾರು ಅಡ್ಡ ಇದ್ದುದರಿಂದ ಇವತ್ತು 8.30ರಿಂದ 9.40ರವರೆಗೆ ನಮ್ಮ ಗಾಡಿ ಹೊರಗೆ ಬರಲಿಲ್ಲ. ದಯವಿಟ್ಟು ಮತ್ತೆ ಇಲ್ಲಿ ನಿಲ್ಲಿಸಬೇಡಿ.’ ಹೊತ್ತು ಬರೆದರೆ ಓದಿದವರ ಮನಸ್ಸಿಗೆ ತಟ್ಟುತ್ತದೆ. ಗಾಜಿಗೆ ಗೋಂದು ಹಚ್ಚಿ ಅಂಟಿಸಬೇಡಿ.

ಗಾಳಿ ಬಿಡುವುದು, ಕೀಲಿಯಿಂದ ಗೀರುವುದು, ಕನ್ನಡಿ ಮುರಿಯುವುದು ಇವೆಲ್ಲ ಬೇಡವೇ ಬೇಡ. ಬೇರೆಯವರ ಸ್ವತ್ತಿಗೆ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 324ರ ಅಪರಾಧ. ಈಗ ಬೀದಿಗೊಂದು ಸಿಸಿಟಿವಿ ಇದೆ. ಅವರ ಕಾರಿಗೆ ಅಡ್ಡವಾಗಿ ನಮ್ಮ ಕಾರು ನಿಲ್ಲಿಸಿ ‘ಈಗ ನೋಡೋಣ’ ಅನ್ನುವುದೂ ಬೇಡ. ಆಗ ಬೀದಿಗೆ ಎರಡು ಅಡ್ಡಿ.

ಸ್ಕೂಟರ್, ಬೈಕ್ ಆದರೆ ಎತ್ತಿ ಪಕ್ಕಕ್ಕಿಡುವುದು ವಾಡಿಕೆ. ಹ್ಯಾಂಡಲ್ ಲಾಕ್ ಆಗಿದ್ದರೆ ಎಳೆಯಬೇಡಿ, ಇಬ್ಬರು ಸೇರಿ ಎತ್ತಿ. ಸರಿಸುವ ಮೊದಲು, ಸರಿಸಿದ ಮೇಲೆ ಒಂದೊಂದು ಫೋಟೊ ಇರಲಿ.

ಪೊಲೀಸರಿಗೆ ಹೇಳುವುದು

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡದಲ್ಲಿ ಸಂಚಾರ ಪೊಲೀಸರ ಪ್ರತ್ಯೇಕ ಠಾಣೆಗಳಿವೆ. ನಿಮ್ಮ ಬೀದಿ ಯಾವ ಸಂಚಾರ ಠಾಣೆಗೆ ಸೇರಿದ್ದು ಅಂತ ಇವತ್ತೇ ತಿಳಿದು, ಆ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಸಣ್ಣ ಊರುಗಳಲ್ಲಿ ಊರಿನ ಠಾಣೆಯೇ ನೋಡಿಕೊಳ್ಳುತ್ತದೆ. ಬೆಂಗಳೂರಿನವರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪಿನಲ್ಲಿ ಫೋಟೊ ಸಮೇತ ದೂರು ಹಾಕಬಹುದು. ಜಗಳ ಕೈಗೆ ಬರುವಂತಿದ್ದರೆ, ಯಾರಾದರೂ ಹೆದರಿಸಿದರೆ 112ಕ್ಕೆ ಫೋನ್ ಮಾಡಿ.

ಫೋನಿನಲ್ಲಿ ಕಥೆ ಹೇಳಬೇಡಿ. ಜಾಗ, ಹತ್ತಿರದ ಗುರುತು, ಗಾಡಿ ನಂಬರ್, ಎಷ್ಟು ಹೊತ್ತಿನಿಂದ ನಿಂತಿದೆ, ಏನು ತೊಂದರೆ. ಇಷ್ಟು ಹೇಳಿ.

ಪೊಲೀಸರಿಗೆ ಇರುವ ಅಧಿಕಾರ ಸಣ್ಣದಲ್ಲ. ಮೋಟಾರು ವಾಹನಗಳ ಕಾಯ್ದೆಯ ಸೆಕ್ಷನ್ 127ರ ಪ್ರಕಾರ, ನಿಷೇಧವಿರುವ ಜಾಗದಲ್ಲಿ ನಿಲ್ಲಿಸಿದ ವಾಹನವನ್ನೂ, ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ನಿಂತ ವಾಹನವನ್ನೂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಬಹುದು, ಇಲ್ಲವೇ ಚಕ್ರಕ್ಕೆ ಲಾಕ್ ಹಾಕಿಸಬಹುದು. ಎಳೆಸಿದ ಖರ್ಚು ಮಾಲೀಕರದ್ದು. ಸೆಕ್ಷನ್ 177ರಡಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ದಂಡ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ನ್ಯಾಯ ಸಂಹಿತೆಯ ಸೆಕ್ಷನ್ 285ರಡಿ 5,000 ರೂಪಾಯಿವರೆಗೂ ದಂಡವಿದೆ. ಇದೇ ತಪ್ಪಿಗೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿ ಇತ್ತು.

ಆದರೆ ಕಾರನ್ನು ಕೂಡಲೇ ಎಳೆದುಕೊಂಡು ಹೋಗುತ್ತಾರೆ ಅಂತ ನಂಬಿ ಕೂರಬೇಡಿ. ಟೋಯಿಂಗ್ ಸಿಬ್ಬಂದಿಯ ನಡವಳಿಕೆ ಬಗ್ಗೆ ಜನ ಸಿಟ್ಟಿಗೆದ್ದು, 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸರ್ಕಾರ ಟೋಯಿಂಗ್ ನಿಲ್ಲಿಸಿದ್ದನ್ನು ನೀವು ಮರೆತಿರಲಿಕ್ಕಿಲ್ಲ. ಆವತ್ತಿನ ಸಿಟ್ಟು ನ್ಯಾಯವಾದದ್ದೇ. ಆದರೂ ಗೇಟಿಗೆ ಅಡ್ಡ ನಿಂತ ಕಾರಿಗೆ ದಂಡದ ಚೀಟಿ ಒಂದೇ ಮದ್ದಲ್ಲ. ದಂಡ ಹಾಕಿದ ಮೇಲೂ ಕಾರು ಅಲ್ಲೇ ಇರುತ್ತದೆ. ಹಾಗಾಗಿ ಪೊಲೀಸರಿಗೆ ಹೇಳಿದ ಮೇಲೂ ಮಾಲೀಕರನ್ನು ಹುಡುಕುವುದನ್ನು ನಿಲ್ಲಿಸಬೇಡಿ. ನೋಂದಣಿಯಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿಸಿ ಅಂತ ಬಂದ ಸಿಬ್ಬಂದಿಯನ್ನು ಕೇಳಿ. ನಮಗೆ ಸಿಗದ ಆ ನಂಬರ್ ಅವರಿಗೆ ಸಿಗುತ್ತದೆ.

ಧೂಳು ಹಿಡಿದು, ಟೈರು ಕೂತು, ಚಕ್ರದ ಸುತ್ತ ಎಲೆಯ ರಾಶಿ ಬಿದ್ದು ತಿಂಗಳುಗಟ್ಟಲೆ ನಿಂತ ಕಾರುಗಳ ದಾರಿ ಬೇರೆ. ಅವು ಬಿಟ್ಟುಹೋದ ವಾಹನಗಳು. ದಿನಾಂಕ ಹಾಕಿ ವಾರಕ್ಕೊಂದು ಫೋಟೊ ತೆಗೆದಿಡಿ, ಸಂಚಾರ ಠಾಣೆಗೆ ಲಿಖಿತ ದೂರು ಕೊಡಿ.

ಫುಟ್‌ಪಾತ್ ಮೇಲೆ ನಿಂತದ್ದನ್ನು ಸುಮ್ನೆ ಬಿಡಬೇಡಿ

ನಮ್ಮ ಗೇಟಿಗೆ ಅಡ್ಡವಾದರೆ ನಾವು ಎದ್ದು ನಿಲ್ಲುತ್ತೇವೆ. ಫುಟ್‌ಪಾತ್ ಮೇಲೆ ನಿಂತರೆ ಸುತ್ತಿ ಬಳಸಿ ಹೋಗುತ್ತೇವೆ. ನನಗೆ ಇದೇ ಜಾಸ್ತಿ ನೋವು ಕೊಡುವ ಸಂಗತಿ. ಕಣ್ಣು ಕಾಣದವರು ಬಿಳಿ ಕೋಲನ್ನು ನೆಲದಲ್ಲಿ ಆಡಿಸುತ್ತಾ ಬರುತ್ತಾರೆ. ಬೈಕಿನ ಎರಡು ಚಕ್ರಗಳ ನಡುವಿನ ಖಾಲಿ ಜಾಗದಲ್ಲಿ ಕೋಲು ಸಲೀಸಾಗಿ ದಾಟುತ್ತದೆ. ಮರುಹೆಜ್ಜೆಗೆ ಹ್ಯಾಂಡಲ್ ಎದೆಗೆ ಬಡಿಯುತ್ತದೆ. ವೀಲ್‌ಚೇರಿನವರಿಗೆ, ಮಗುವಿನ ತಳ್ಳುಗಾಡಿ ತಂದವರಿಗೆ ಸುತ್ತಿ ಬಳಸುವ ದಾರಿಯೇ ಇಲ್ಲ. ಎತ್ತರದ ಕಲ್ಲಂಚು ಇಳಿದು, ಬಸ್ಸು ಓಡುವ ರಸ್ತೆಗೆ ಬಂದು, ಮತ್ತೆ ಹತ್ತಬೇಕು. ಮಂಡಿನೋವಿನ ಅಜ್ಜಿ ಇದನ್ನು ದಿನಕ್ಕೆ ಎಷ್ಟು ಸಲ ಮಾಡಬೇಕು ಹೇಳಿ. ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಪಾದಚಾರಿಗಳ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಗೇಟಿಗೆ ತೆಗೆಯುವ ಅದೇ ಮೂರು ಫೋಟೊಗಳನ್ನು ಫುಟ್‌ಪಾತ್ ಮೇಲಿನ ಗಾಡಿಗೂ ತೆಗೆಯಿರಿ, ಕಳಿಸಿರಿ. ನಡೆಯುವವರು ಇಳಿದು ಹೋಗುತ್ತಿರುವುದು ಅದರಲ್ಲಿ ಕಾಣಲಿ. ಅವರ ಮುಖ ಬೇಡ.

ಮತ್ತೆ ಮತ್ತೆ ಆಗುತ್ತಿದ್ದರೆ

ದಿನಾ ಬೇರೆ ಬೇರೆ ಕಾರು ನಿಲ್ಲುತ್ತಿದ್ದರೆ ಚಾಲಕರನ್ನು ಹಿಡಿದು ಪ್ರಯೋಜನವಿಲ್ಲ. ಆ ಕಾರುಗಳು ಎಲ್ಲಿಗೆ ಬರುತ್ತಿವೆ ನೋಡಿ. ಟ್ಯೂಷನ್ ಸೆಂಟರೋ, ಹೊಸ ಹೋಟೆಲೋ, ಪಿಜಿಯೋ ಇರುತ್ತದೆ. ಅವರ ಹತ್ತಿರ ಒಮ್ಮೆ ಮಾತಾಡಿ, ಆಮೇಲೆ ಬರೆದು ಕೊಡಿ. ಅದಕ್ಕೂ ಬಗ್ಗದಿದ್ದರೆ ಬೀದಿಯ ನಾಲ್ಕಾರು ಮನೆಯವರು ಸಹಿ ಹಾಕಿ ಸಂಚಾರ ಠಾಣೆಯ ಇನ್‌ಸ್ಪೆಕ್ಟರಿಗೆ ಅರ್ಜಿ ಕೊಡಿ. ಬೀದಿಯ ಒಂದು ಬದಿಗೆ ನೋ ಪಾರ್ಕಿಂಗ್ ಫಲಕವನ್ನೋ, ದಿನ ಬಿಟ್ಟು ದಿನ ಬದಿ ಬದಲಿಸುವ ಪಾರ್ಕಿಂಗನ್ನೋ ಕೇಳಬಹುದು. ತಾವೇ ಫಲಕ ಮಾಡಿಸಿ ರಸ್ತೆಯಲ್ಲಿ ನೆಟ್ಟರೆ ಅದಕ್ಕೆ ಕಾನೂನಿನ ಬಲವಿಲ್ಲ.

ಅಪಾರ್ಟ್‌ಮೆಂಟಿನ ಒಳಗೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಿಸಿದರೆ ಅದನ್ನು ಸಂಘದ ಬೈಲಾ ಪ್ರಕಾರವೇ ಬಗೆಹರಿಸಿಕೊಳ್ಳಬೇಕು. ಸಂಚಾರ ಪೊಲೀಸರು ಸಾಮಾನ್ಯವಾಗಿ ಒಳಗೆ ಬರುವುದಿಲ್ಲ.

ಅರ್ಜಿಯ ಜೊತೆ ಫೋಟೊಗಳ ಪ್ರಿಂಟ್ ಲಗತ್ತಿಸಿ. ಪ್ರತಿಯೊಂದರ ಕೆಳಗೆ ದಿನಾಂಕ, ಹೊತ್ತು, ಗಾಡಿ ನಂಬರ್ ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ಇದನ್ನು ತಪ್ಪಿಸಬೇಡಿ. ಒಂದು ತಿಂಗಳು ಕಾದು ನೋಡಿ. ಏನೂ ಆಗದಿದ್ದರೆ ಆ ಸೀಲಿನ ಪ್ರತಿಯನ್ನು ಲಗತ್ತಿಸಿ ಮೇಲಧಿಕಾರಿಗೆ ಬರೆಯಿರಿ. ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ‘ಈ ದಿನಾಂಕದ ನಮ್ಮ ಅರ್ಜಿಯ ಮೇಲೆ ಏನು ಕ್ರಮ ಆಗಿದೆ, ಕಡತದ ಪ್ರತಿ ಕೊಡಿ’ ಅಂತ ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.