ಸೈಡ್‌ಕಾರ್ ಮಾಡೋರು ಮೊದಲು ಸಂತ್ರಾ ಸಿಪ್ಪಿ ತಗೀಲಿಕ್ಕ ಕಲೀರಿ

ಈಗಿನ ಹುಡುಗರು ಅಷ್ಟು ರೊಕ್ಕ ಸುರಿದು ಕೊನ್ಯಾಕ್, ಅಂದ್ರ ಫ್ರಾನ್ಸಿನ ಬ್ರಾಂಡಿ, ತರ್ತಾರ, ಅದರಾಗ ಪಾಕೀಟಿನ ಸಂತ್ರಾ ಜ್ಯೂಸ್ ಹಾಕಿ ಸೈಡ್‌ಕಾರ್ ಕಾಕ್‌ಟೇಲ್ ಅಂತಾರ. ಸೈಡ್‌ಕಾರಿನಾಗ ಸಂತ್ರಾದ ರಸ ಇರಂಗೇ ಇಲ್ರಿ. 1922ರಾಗ ಲಂಡನ್ನಿನಾಗ ಅಚ್ಚಾದ ಪುಸ್ತಕ ನೋಡಿದ್ರೂ ಮೂರೇ ಪದಾರ್ಥ: ಕೊನ್ಯಾಕ್, ಲಿಂಬಿ ರಸ, ಸಂತ್ರಾ ಸಿಪ್ಪಿಯ ಘಮ ಹಿಡಿಸಿದ ಸಿಹಿ ಮದ್ಯ. ಆ ಸಿಹಿ ಮದ್ಯ, ಅಂದ್ರ ಟ್ರಿಪಲ್ ಸೆಕ್, ಸಿಗಲಿಲ್ಲಂದ್ರ ಸಿಪ್ಪಿಯಿಂದನೇ ಪಾಕ ಮಾಡ್ಕೋರಿ.

ಸಂತ್ರಾ ಮೂರ್ನಾಕು ಸಾಕು. ಉಗುರುಬೆಚ್ಚಗಿನ ನೀರಾಗ ತಿಕ್ಕಿ ತೊಳೀರಿ, ಮ್ಯಾಲ ಮೇಣ ಹಚ್ಚಿರ್ತಾರ. ಒಂದ್ ಹನಿ ನೀರಿಲ್ಲದಂಗ ಒರಸ್ರಿ. ಹಿಂದ ಉಪ್ಪಿನಕಾಯಿ ಲಿಂಬಿ ಹೆಂಗ ಒರಸ್ತಿದ್ರು, ಹಂಗ. ಹಣ್ಣು ಸುಲೀದೇ, ಇಡೀ ಹಣ್ಣಿನ ಮ್ಯಾಲಿಂದ ಪೀಲರಿನಲೆ ಕೇಸರಿ ಪದರ ಅಷ್ಟೇ ತಗೀರಿ. ಬಿಳಿ ಭಾಗ ಬಂತಂದ್ರ ಪಾಕ ಕಹಿ ಆಗ್ತದ. ಬಂದಲ್ಲಿ ಚಮಚದ ಅಂಚಿನಲೆ ಕೆರೀರಿ, ಬ್ಯಾಸರ ಮಾಡ್ಬ್ಯಾಡ್ರಿ. ಅರ್ಧ ವಾಟಿ ಸಕ್ಕರಿ ಹಾಕಿ ಕೈಲೆ ಹಿಚುಕ್ರಿ. ಪುಡಿ ಸಕ್ಕರಿ ನಡೆಯಂಗಿಲ್ಲ, ಹರಳು ಗೀಚಿದ್ರನೇ ಸಿಪ್ಪಿ ಎಣ್ಣಿ ಬಿಡೋದು. ಮುಚ್ಚಿ ರಾತ್ರಿಯಿಡೀ ಇಡ್ರಿ. ಬೆಳಿಗ್ಗೆ ಸಕ್ಕರಿ ಒದ್ದಿಯಾಗಿ ಹೊಳೀತಿರ್ತದ. ಎರಡು ಚಮಚ ಬಿಸಿನೀರು ಹಾಕಿ ಕರಗಿಸಿ, ಸಿಪ್ಪಿ ಹಿಂಡಿ ಸೋಸ್ರಿ. ಒಲಿ ಮ್ಯಾಲ ಕುದಿಸಿದ್ರೋ, ಘಮ ಎಲ್ಲಾ ಅಡಗಿಮನಿಗೇ ಹೋಗ್ತದ.

ಉಳಿದದ್ದು ಸಣ್ಣ ಕೆಲಸ. ಕೊನ್ಯಾಕ್ ಒಂದ್ ಪೆಗ್, ಲಿಂಬಿ ರಸ ಮೂರು ಸಣ್ಣ ಚಮಚ, ಪಾಕನೂ ಅಷ್ಟೇ. ರುಚಿ ನೋಡಿ ಹೆಚ್ಚುಕಮ್ಮಿ ಮಾಡ್ರಿ. ಪರದೇಶದವರು ಹಾಕೋದು ಹಳದಿ ಲೆಮನ್. ನಮ್ಮ ಲಿಂಬಿ ಅದಕ್ಕಿಂತ ಚುರುಕು, ಅವರ ಅಳತಿ ಹಾಕಿದ್ರ ಹುಳಿ ಮೂಗಿಗೇರ್ತದ. ಲಿಂಬಿ ಸಿಪ್ಪಿ ಹಿಸುಕುವಂಗ ಹಿಂಡಬ್ಯಾಡ್ರಿ, ಬೆಳಿಗ್ಗೆ ಹಿಂಡಿಟ್ಟ ರಸ ಸಂಜಿಗೆ ಹಾಕಬ್ಯಾಡ್ರಿ. ಕೊನ್ಯಾಕ್ ಬಾಟ್ಲಿ ಮ್ಯಾಲ ವಿಎಸ್‌ಒಪಿ ಅನ್ನೋ ದರ್ಜಿ ಇದ್ರ ಸಾಕು, ಅದು ಕಮ್ಮಿ ಅಂದ್ರ 4 ವರ್ಷ ಓಕ್ ಪೀಪಾಯಿಯಾಗ ಇದ್ದದ್ದು. ಅದಕ್ಕಿಂತ ಹಳೇ ದರ್ಜಿಯ ಎಕ್ಸ್‌ಒ ತಂದು ಲಿಂಬಿ ಹಿಂಡೋದು ದಂಡ.

  

ನಮ್ಮ ಬ್ಯಾಸಗಿಗೆ ಬರ್ಫ್ ನಿಂತಲ್ಲೇ ನೀರಾಗ್ತದ. ಕೊನ್ಯಾಕ್, ರಸ, ಪಾಕ ಶೇಕರಿಗೆ ಸುರಿದು, ಫ್ರೀಜರಿನಿಂದ ತಗದ ಕೂಡ್ಲೇ ಬರ್ಫಿನ ದೊಡ್ಡ ತುಂಡು ಹಾಕ್ರಿ, ಶೇಕರ್ ಹೊರಗ ಮಂಜು ಹಿಡಿಯೋ ತನಕ, 12–15 ಸೆಕೆಂಡ್, ಜೋರಾಗಿ ಅಲ್ಲಾಡಸ್ರಿ. ಚಮಚಲೆ ತಿರುವಿದ್ರ ರಸ ಕೂಡಂಗಿಲ್ಲ. ಶೇಕರ್ ಇಲ್ಲಂದ್ರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ನಡೀತದ. ಗ್ಲಾಸು ಮೊದಲೇ ಫ್ರಿಜ್ಜಿನಾಗ ಇಟ್ಟಿರಬೇಕು. ಸಣ್ಣ ಜಾಳಗಿಲೆ ಸೋಸಿ ಹಾಕ್ರಿ. ಅಂಚಿಗೆ ಸಕ್ಕರಿ ಬೇಕಂದ್ರ ಅರ್ಧಕ್ಕಷ್ಟೇ ಹಚ್ರಿ.

ಕುಡೀದವರಿಗೆ ಅದೇ ಪಾಕ, ಲಿಂಬಿ, ಸೋಡಾ ಕೂಡಿಸಿ ಕೊಡ್ರಿ. ಉಳಿದ ಪಾಕ ಫ್ರಿಜ್ಜಿನಾಗ ಒಂದ್ ವಾರ ಇರ್ತದ.